ಕೊಟ್ರಮ್ಮನ ಎಮ್ಮೆಯ ಕಾಯಿಲೆ

ಮಾತ್ರೆ ನುಂಗುವಾಗ ನಾನು ಕತ್ತನ್ನು ಪೂರಾ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಬಾಯಿಯ ಒಂದು ಪಕ್ಕವನ್ನಷ್ಟೇ ತೆರೆಯುತ್ತೇನಂತೆ. ಇದು ನನಗೆ ಗೊತ್ತೇ ಇರಲಿಲ್ಲ. ಮೊನ್ನೆ ನನ್ನ ಸೊಸೆ ಬಿ.ಪಿ. ಮಾತ್ರೆ ಕೊಟ್ಟು ನೀರಿನ ಲೋಟ ಹಿಡಿದು ನಿಂತವಳು ಕಿಸಕ್ಕನೆ ನಕ್ಕು, "ಅತ್ತೆ, ಯಾರೋ ನಿಮ್ಮ ಮೂಗುದಾರ ಹಿಡಿದು ಎಳೆದಂಗೆ ಕಾಣುತ್ತೆ" ಅಂದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಈಗೀಗ ಅದನ್ನು ನಾನು ಮೆಟ್ಟಿಲು ಹತ್ತುವುದಕ್ಕೆ ಉಳಿಸಿಕೊಳ್ಳುತ್ತೇನೆ. ಅಲ್ಲದೆ ಆಕೆ ಹೇಳಿದ್ದು ಸುಳ್ಳೂ ಅಲ್ಲ. ನಾನು ಔಷಧ ಕುಡಿಯುವುದನ್ನು ಕಲಿತದ್ದೇ ಗೊಟ್ಟದಿಂದ.

ಗೊಟ್ಟ ಅಂದರೆ ನಿಮಗೆ ಗೊತ್ತಿರಬಹುದು. ಒಂದು ತುದಿಯನ್ನು ಓರೆಯಾಗಿ ಕೊಯ್ದ ಬಿದಿರಿನ ಕೊಳವೆ. ದನದ ದವಡೆಯ ಸಂದಿಗೆ ಅದನ್ನು ತೂರಿಸಿ, ಮೂತಿ ಮೇಲೆತ್ತಿ ಔಷಧ ಸುರಿಯುತ್ತಾರೆ. ಹಲವಾಗಲಿನ ನಮ್ಮ ತವರುಮನೆಯಲ್ಲಿ ಅದು ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಗಡಿಗೆಯ ಪಕ್ಕದಲ್ಲೇ ಇರುತ್ತಿತ್ತು. ತಿಂಗಳಿಗೊಮ್ಮೆ ಹೊಟ್ಟೆ ಸ್ವಚ್ಛವಾಗಲಿ ಎಂದು ನಮ್ಮಜ್ಜಿ ಹರಳೆಣ್ಣೆ ಕುಡಿಸುವ ಕಾರ್ಯಕ್ರಮ ಇಟ್ಟುಕೊಳ್ಳುತ್ತಿದ್ದಳು. ನನ್ನ ಅಣ್ಣತಮ್ಮಂದಿರಿಗೆ ಚಮಚ, ಮೇಲೆ ಒಂದು ತುಣುಕು ಬೆಲ್ಲ. ಹೆಣ್ಣುಮಕ್ಕಳಿಗೂ ಇನ್ನೂ ಈಯದ ಮಣಕಗಳಿಗೂ ಗೊಟ್ಟ. ನಾವು ಹೊಳೆಯ ಕಡೆ ಓಡುತ್ತಿದ್ದೆವು, ಹಿಡಿದು ತರುತ್ತಿದ್ದರು. ದನಕ್ಕೆ ಬೇರೆ, ನಮಗೆ ಬೇರೆ ಗೊಟ್ಟ ಎಂದು ಅಜ್ಜಿ ದೇವರ ಮೇಲೆ ಆಣೆ ಮಾಡಿ ಹೇಳುತ್ತಿದ್ದಳು. ಗೂಡಿನಲ್ಲಿ ನಾನು ಕಂಡದ್ದು ಮಾತ್ರ ಯಾವಾಗಲೂ ಒಂದೇ.

ಅಜ್ಜಿಗೆ ಹೆಣ್ಣುಮಕ್ಕಳೂ ಎಮ್ಮೆಗಳೂ ಒಂದೇ ಎಂದರೆ ಬೇಸರಪಡಬೇಡಿ. ಆಕೆ ಅದನ್ನು ಪ್ರೀತಿಯಿಂದಲೇ ಮಾಡುತ್ತಿದ್ದಳು. ಒಂದು ಸಲ ನಮ್ಮ ಚಿಕ್ಕತ್ತೆ ತವರಿಗೆ ಬಂದು ಹಡೆದದ್ದೂ ಕೊಟ್ಟಿಗೆಯಲ್ಲಿ ಎಮ್ಮೆ ಈದದ್ದೂ ಒಂದೇ ವಾರದಲ್ಲಾಯಿತು. ಅಜ್ಜಿ ದೊಡ್ಡ ಪಾತ್ರೆಯಲ್ಲಿ ಬೆಲ್ಲ, ಒಣಶುಂಠಿ, ಅಜಿವಾನ, ಮೆಂತ್ಯ ಹಾಕಿ ಕುದಿಸಿದಳು. ಘಮಘಮ ವಾಸನೆ ಬೀದಿಯವರೆಗೂ ಹೋಯಿತು. ಆಮೇಲೆ ಪಾತ್ರೆ ಎತ್ತಿಕೊಂಡು ನೇರವಾಗಿ ಕೊಟ್ಟಿಗೆಗೆ ನಡೆದಳು. ಬಾಣಂತಿ ಕೋಣೆಯಿಂದ ಚಿಕ್ಕತ್ತೆ ಕೂಗಿದಳು: "ಯವ್ವಾ, ಮೊದಲು ನನಗ ಕೊಡಬಾರದೇನು? ನಾನೇನು ನಿನ್ನ ಮಗಳಲ್ಲೇನು?" ಅಜ್ಜಿ ತಿರುಗಿಯೂ ನೋಡದೆ, "ಅದಕ್ಕ ಕೇಳಾಕ ಬಾಯಿಲ್ಲ. ನಿನಗ ಐತಿ, ಕೇಳಾಕತ್ತೀಯಲ್ಲ" ಅಂದಳು. ಬಾಯಿದ್ದವರೆಲ್ಲ ಕೇಳುತ್ತಾರೆ ಎಂದು ನಮ್ಮಜ್ಜಿ ನಂಬಿದ್ದಳು. ನಾನೂ ಬಹಳ ವರ್ಷ ಹಾಗೆಯೇ ನಂಬಿದ್ದೆ.

ಇಂಥ ಮನೆಯಲ್ಲಿ ಬೆಳೆದವಳನ್ನು ದನದ ಡಾಕ್ಟರಿಗೆ ಕೊಟ್ಟರೆ ಆಶ್ಚರ್ಯವೇನು? ನಮ್ಮವರಿಗೆ ಕೊಟ್ಟೂರಿಗೆ ವರ್ಗವಾದಾಗ ನನ್ನ ಮೂರನೆಯ ಮಗು ಇನ್ನೂ ಅಂಬೆಗಾಲಿಡುತ್ತಿತ್ತು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಉಜ್ಜಿನಿ ಕಡೆಯ ರಸ್ತೆಯಲ್ಲಿ ಹಂಚಿನ ಮಾಡಿನ ದನದ ಆಸ್ಪತ್ರೆ, ಅದರ ಬೆನ್ನಿಗೇ ನಮ್ಮ ಮನೆ. ಅಡುಗೆಮನೆಯ ಕಿಟಕಿ ತೆರೆದರೆ ಬೇವಿನ ಮರ, ಅದರ ಕೆಳಗೆ ದನಗಳನ್ನು ನಿಲ್ಲಿಸಿ ನೋಡುವ ಕಬ್ಬಿಣದ ಕಟ್ಟು. ನನ್ನ ಒಗ್ಗರಣೆಗೆ ದಿನಾ ಫಿನಾಯಿಲಿನ ಘಾಟು ಸೇರುತ್ತಿತ್ತು. ಮನೆಗೆ ಬಂದ ನೆಂಟರು ಎರಡನೆಯ ಸಲ ಸಾರು ಹಾಕಿಸಿಕೊಳ್ಳುತ್ತಿರಲಿಲ್ಲ. ನನಗೆ ಅದೂ ಒಂದು ಅನುಕೂಲವೇ ಆಗಿತ್ತು.

ಆ ಕಿಟಕಿಯಿಂದ ನಮ್ಮವರ ಮಾತು ಕೇಳುತ್ತಿತ್ತು. ಮನೆಯಲ್ಲಿ ನಾಲ್ಕು ಮಾತಿಗೆ ಒಂದು ಮಾತಾಡುವ ಮನುಷ್ಯ ಅಲ್ಲಿ ಬೇರೆಯೇ ಆಗಿಬಿಡುತ್ತಿದ್ದರು. ಆಕಳ ಕೊರಳಿನ ಜೋಲುಚರ್ಮ ನೀವುತ್ತಾ, "ಏನವ್ವ, ಎಲ್ಲಿ ನೋವು? ನಿನ್ನೆ ಮೇವು ತಿಂದೆಯಾ? ಯಾಕವ್ವ ಹೀಗೆ ಸೊರಗಿದ್ದೀಯ?" ಎಂದು ಕೇಳುತ್ತಿದ್ದರು. ಒಳಗೆ ಮೊಣಕಾಲಿಗೊಂದು ಮಗು, ಸೊಂಟಕ್ಕೊಂದು ಮಗು ಅಂಟಿಸಿಕೊಂಡು ರೊಟ್ಟಿ ಬಡಿಯುತ್ತಿದ್ದ ನನಗೆ, ನಾನೂ ಒಂದು ಹಗ್ಗ ಕಟ್ಟಿಸಿಕೊಂಡು ಆ ಸಾಲಿನಲ್ಲಿ ನಿಂತರೆ ಹೇಗೆ ಎಂದು ಅನ್ನಿಸಿದ್ದುಂಟು. ಮೂರನೆಯದಾದ ಮೇಲೆ ನಾನು ಆಪರೇಷನ್ ಮಾಡಿಸಿಕೊಂಡಿದ್ದೆ. ಆಮೇಲಿಂದ ಸೊಂಟ ಒಂದು ತರಹ ಇತ್ತು. ಎಲ್ಲರಿಗೂ ಹಾಗೇ ಇರುತ್ತದೆ ಎಂದು ಯಾರೋ ಹೇಳಿದ್ದರು, ಸರಿ ಎಂದು ಸುಮ್ಮನಿದ್ದೆ. ಆ ಮಾತು ಹಾಗಿರಲಿ.

ಆಸ್ಪತ್ರೆಗೆ ಎರಡು ಬಾಗಿಲು ಎಂದು ನನಗೆ ಸ್ವಲ್ಪ ದಿನಗಳಲ್ಲೇ ತಿಳಿಯಿತು. ಮುಂದಿನದು ಗಂಡಸರು ದನ ಹೊಡೆದುಕೊಂಡು ಬರುವ ಬಾಗಿಲು. ಹಿಂದಿನದು ನನ್ನ ಅಡುಗೆಮನೆಯ ಬಾಗಿಲು. ಓಣಿಯ ಹೆಂಗಸರು ಮಧ್ಯಾಹ್ನ ಅಲ್ಲಿ ಬಂದು ಹೊಸ್ತಿಲ ಮೇಲೆ ಕೂತು, ಒಂದಿಷ್ಟು ಮಳೆ ಬೆಳೆಯ ಮಾತಾಡಿ, ಏಳುವಾಗ ನೆನಪಾದವರಂತೆ, "ಅಲ್ರಿ ಅಕ್ಕಾರ, ನಮ್ಮ ಎಮ್ಮಿಗೆ ಯಾಕೋ ಬಿಳಿ ಹೋಗತೈತ್ರಿ. ಡಾಕ್ಟ್ರನ್ನ ಒಂದು ಮಾತು ಕೇಳ್ರಿ" ಅನ್ನುತ್ತಿದ್ದರು. ನಾನು ಊಟಕ್ಕೆ ಬಡಿಸುವಾಗ ನಮ್ಮವರನ್ನು ಕೇಳುತ್ತಿದ್ದೆ. ಅವರು ಸಾರಿಗೆ ಅನ್ನ ಕಲೆಸುತ್ತಾ, "ಎಮ್ಮೆ ತರಕ್ಕೆ ಹೇಳು" ಅನ್ನುತ್ತಿದ್ದರು. ಎಮ್ಮೆ ಬರುತ್ತಿರಲಿಲ್ಲ. ಆ ಹೆಂಗಸರೂ ಮತ್ತೆ ಆ ಮಾತು ಎತ್ತುತ್ತಿರಲಿಲ್ಲ. ಎಮ್ಮೆಗೆ ತಾನಾಗಿಯೇ ವಾಸಿಯಾಗಿರಬೇಕು ಎಂದು ನಾನು ಮರೆತುಬಿಡುತ್ತಿದ್ದೆ.

ನನ್ನ ಕಣ್ಣು ತೆರೆಸಿದ್ದು ಒಂದು ಬೆಕ್ಕು. ಹೈಸ್ಕೂಲಿನ ಹೆಡ್‌ಮಾಸ್ತರರ ಹೆಂಡತಿ ಸರೋಜಮ್ಮ ಬಹಳ ಗಂಭೀರದ ಹೆಂಗಸು. ಓಣಿಯವರಂತೆ ಹಿಂದಿನ ಬಾಗಿಲಿಗೆ ಬರುವವರಲ್ಲ. ಅಂಥವರೇ ಒಂದು ದಿನ ಹಿಂದಿನಿಂದ ಬಂದು, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಕೂತರು.

"ನಮ್ಮ ಬೆಕ್ಕಿಗೆ ಏನೋ ಆಗೈತಿ ನೋಡ್ರಿ. ಇದ್ದಕ್ಕಿದ್ದಂಗ ಮೈಯೆಲ್ಲಾ ಬಿಸಿ ಏರತೈತಿ. ಬೆವರು ಕಿತಗೊಂಡು ಬರತೈತಿ. ಕಂಡ ಕಂಡವರ ಮ್ಯಾಲೆ ಸಿಟ್ಟು, ಒಮ್ಮೊಮ್ಮೆ ಅಳೂನೂ ಬರತೈತಿ."

ಬೆಕ್ಕು ಅಳುತ್ತದೆಯೇ ಎಂದು ನಾನು ಕೇಳಲಿಲ್ಲ. ರಾತ್ರಿ ಊಟದ ಹೊತ್ತಿಗೆ ಅಷ್ಟನ್ನೂ ಒಪ್ಪಿಸಿದೆ. ನಮ್ಮವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ ನನ್ನ ಮುಖ ನೋಡಿದರು.

"ಅವರ ಮನೆ ಬೆಕ್ಕು ನಂಗೆ ಗೊತ್ತು ಕಣೆ. ಹೋದ ತಿಂಗಳು ಅದರ ಕಿವಿ ಹುಣ್ಣಿಗೆ ನಾನೇ ಮುಲಾಮು ಹಚ್ಚಿದ್ದು. ಅದು ಗಂಡು ಬೆಕ್ಕು."

ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಇನ್ನೂ ಅರ್ಥವಾಗಿರಲಿಲ್ಲ. ಯಾಕೆ ನಗುತ್ತಿದ್ದೀಯ ಎಂದು ಎರಡು ಸಲ ಕೇಳಿದರು. ಸರೋಜಮ್ಮನವರಿಗೆ ಮುಟ್ಟು ನಿಲ್ಲುವ ವಯಸ್ಸು ಎಂದು ಬಿಡಿಸಿ ಹೇಳಿದ ಮೇಲೆ ಕಿವಿಯೆಲ್ಲಾ ಕೆಂಪಾಗಿ, ಮಜ್ಜಿಗೆ ಕೇಳದೆಯೇ ಎದ್ದುಹೋದರು. ಮರುದಿನ ನಾನು ಸರೋಜಮ್ಮನವರ ಮನೆಗೇ ಹೋಗಿ, "ನಿಮ್ಮ ಬೆಕ್ಕಿಗೆ ಏನೂ ಆಗಿಲ್ಲಂತ್ರಿ. ಈ ವಯಸ್ಸಿಗೆ ಬೆಕ್ಕುಗಳಿಗೆ ಹಂಗ ಆಗತೈತಂತ. ತಾನಾಗೇ ಕಡಿಮಿ ಆಗತೈತಿ, ತಣ್ಣಗ ಮಜ್ಜಿಗಿ ಕುಡೀಲಿ" ಅಂದೆ. ಸರೋಜಮ್ಮ ಸಮಾಧಾನದ ಉಸಿರು ಬಿಟ್ಟು ನನಗೆ ಚಹಾ ಮಾಡಿಕೊಟ್ಟರು. ಗಂಡು ಬೆಕ್ಕು ಕಿಟಕಿಯಲ್ಲಿ ಕೂತು ನಮ್ಮಿಬ್ಬರನ್ನೂ ನೋಡುತ್ತಿತ್ತು.

ಆಮೇಲೆ ನಾನು ಒಂದು ಲೆಕ್ಕದಲ್ಲಿ ಡಾಕ್ಟರಮ್ಮನೇ ಆಗಿಬಿಟ್ಟೆ. ಎಮ್ಮೆ, ಆಕಳು, ಆಡು, ನಾಯಿ ಎಂದು ಯಾರು ಏನು ಹೇಳಿದರೂ ಅದು ನಾಲ್ಕು ಕಾಲಿನದೋ ಎರಡು ಕಾಲಿನದೋ ಎಂದು ಮೊದಲು ಅಂದಾಜು ಮಾಡುತ್ತಿದ್ದೆ. ಎರಡು ಕಾಲಿನದಾದರೆ, ಪೇಟೆಯ ಆಸ್ಪತ್ರೆಗೆ ನರ್ಸಮ್ಮ ಬರುವ ದಿನ ನೋಡಿ ಹೋಗಬೇಕೆಂದು ಎಮ್ಮೆಗೆ ತಿಳಿಸಿ ಹೇಳಿ ಎನ್ನುತ್ತಿದ್ದೆ. ಕೆಲವರು ಹೋಗುತ್ತಿದ್ದರು. ಬಹಳಷ್ಟು ಜನ ಎಮ್ಮೆ ಒಪ್ಪುವುದಿಲ್ಲ ಎನ್ನುತ್ತಿದ್ದರು. ಕೇಳಿ ಕೇಳಿ ನನಗೂ ಸಾಕಾಗಿಹೋಗುತ್ತಿತ್ತು. ಊರಿನ ಹೆಂಗಸರ ನೋವೆಲ್ಲ ಮಧ್ಯಾಹ್ನ ನನ್ನ ಹೊಸ್ತಿಲಿಗೆ ಬಂದು ಕೂರುತ್ತಿತ್ತು. ಎದ್ದು ಬಾಗಿಲು ಹಾಕಿಕೊಳ್ಳೋಣವೆಂದರೆ ಮನಸ್ಸು ಬರುತ್ತಿರಲಿಲ್ಲ. ಇಷ್ಟೆಲ್ಲ ಪಳಗಿದವಳು ಕೊಟ್ರಮ್ಮನ ವಿಷಯದಲ್ಲಿ ಮಾತ್ರ ಮೋಸಹೋದೆ. ಏಕೆಂದರೆ ಕೊಟ್ರಮ್ಮನಿಗೆ ನಿಜವಾಗಿಯೂ ಎಮ್ಮೆಯಿತ್ತು, ಅದು ನಿಜವಾಗಿಯೂ ಹೆಣ್ಣಾಗಿತ್ತು, ಮತ್ತು ಆಗಷ್ಟೇ ಈದಿತ್ತು.

ಕೊಟ್ರಮ್ಮ ನಮಗೆ ಹಾಲು ಹಾಕುವವಳು. ಗಂಡ ಬಸಣ್ಣ ಶೇಂಗಾ ಮಂಡಿಯಲ್ಲಿ ಹಮಾಲಿ. ಒಬ್ಬಳೇ ಮಗಳು, ಉಜ್ಜಿನಿಗೆ ಕೊಟ್ಟಿದ್ದರು. ಮಗಳು ಹೋದ ಮೇಲೆ ಆ ಜಾಗಕ್ಕೆ ಗೌರಿ ಎಂಬ ಎಮ್ಮೆ ಬಂದಿತ್ತು. ಅದರ ಹಣೆಗೆ ಕುಂಕುಮ, ಕೊರಳಿಗೆ ದೃಷ್ಟಿದಾರ, ಶುಕ್ರವಾರ ಮೈಗೆ ಎಣ್ಣೆ. ತನ್ನ ತಲೆಗೆ ಎಣ್ಣೆ ಮುಟ್ಟಿಸಿಕೊಂಡು ಎಷ್ಟು ದಿನವಾಗಿತ್ತೋ ಆಕೆಗೇ ಗೊತ್ತಿರಲಿಲ್ಲ. ಬಾಯಿ ಮಾತ್ರ ಭಾರಿ ಜೋರು. "ಹಾಳಾದಾಕಿ, ನಿನ್ನ ಹೊಟ್ಟಿ ಸುಡ್ಲಿ, ಸುಮ್ನ ನಿಂದ್ರಲೇ" ಎಂದು ಬೈಯುತ್ತಲೇ ಹಾಲು ಕರೆಯುತ್ತಿದ್ದಳು. ಆ ಬೈಗುಳ ಕೇಳದೆ ಗೌರಿ ಕೆಚ್ಚಲಿಗೆ ಹಾಲು ಇಳಿಸುತ್ತಿರಲಿಲ್ಲವಂತೆ.

ಅಂಥವಳು ಒಂದು ಬೆಳಿಗ್ಗೆ ಹಾಲು ಹಾಕಿ ಹೋಗದೆ ನಿಂತಳು. "ಅಕ್ಕಾರ, ಗೌರಿಗೆ ನೆತ್ತರ ಹೋಗಾಕತ್ತೈತ್ರಿ. ನಿಂದ್ರವಲ್ದು."

"ಹೊಡಕೊಂಡು ಬಾ, ನೋಡ್ತಾರ."

"ಇಷ್ಟು ದೂರ ನಡೀವಲ್ದ್ರಿ. ಕಾಲಾಗ ಶಕ್ತಿನೇ ಇಲ್ಲಂಗ ಆಗೈತಿ."

ಆಗ ಸುತ್ತಲ ಹಳ್ಳಿಗಳಲ್ಲಿ ಕಾಲುಬಾಯಿ ಬೇನೆ ಎದ್ದಿತ್ತು. ನಮ್ಮವರಿಗೆ ಉಣ್ಣಲೂ ಪುರಸೊತ್ತಿರಲಿಲ್ಲ. ಸೈಕಲ್ ಹತ್ತುವ ಗಡಿಬಿಡಿಯಲ್ಲೇ, "ಈದ ಮೇಲೆ ಒಳಗೆ ಏನೋ ಉಳಕೊಂಡಿರಬೇಕು. ಈ ಪುಡಿ ಕೊಡು. ಒಂದು ಹಿಡಿ, ಬೆಲ್ಲದ ಜೊತೆ, ಎರಡು ಹೊತ್ತು" ಎಂದು ಕಾಗದದಲ್ಲಿ ಕಟ್ಟಿ ನನ್ನ ಕೈಗಿಟ್ಟರು. ಸಂಜೆ ನಾನು ಅದನ್ನು ಕೊಟ್ರಮ್ಮನಿಗೆ ಕೊಟ್ಟೆ. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಮರುದಿನ ಮಧ್ಯಾಹ್ನ ನಾನು ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದೆ. ಹೊತ್ತಲ್ಲದ ಹೊತ್ತಿನಲ್ಲಿ ಕೊಟ್ರಮ್ಮ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಧಾನಕ್ಕೆ ಕೆಳಗೆ ಇಳಿದು ಕೂತಳು.

"ಒಂದು ಕೇಳೋದು ಮರತೆ ನೋಡ್ರಿ ಅಕ್ಕಾರ. ಆ ಪುಡಿ ಊಟಕ್ಕ ಮುಂಚೆ ಕೊಡಬೇಕೋ, ಉಂಡ ಮ್ಯಾಲೋ?"

"ಯಾವಾಗಾದ್ರೂ ಕೊಡು, ಏನಾಗತೈತಿ" ಎಂದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಮೊರ ನನ್ನ ಕೈಯಲ್ಲಿ ನಿಂತುಹೋಯಿತು. ಬೆಳಗಿನಿಂದ ಸಂಜೆಯವರೆಗೆ ಮೆಲುಕು ಹಾಕುವ ಪ್ರಾಣಿಗೆ ಊಟಕ್ಕೆ ಮುಂಚೆ ಯಾವುದು, ಆಮೇಲೆ ಯಾವುದು? ನಾನು ತಲೆಯೆತ್ತಿ ಆಕೆಯ ಮುಖ ಸರಿಯಾಗಿ ನೋಡಿದೆ. ದಿನಾ ನೋಡುವ ಮುಖವೇ. ತುಟಿ ಸುಣ್ಣದಂತೆ ಬಿಳಿಚಿಕೊಂಡಿತ್ತು.

"ಕೊಟ್ರಮ್ಮ, ಗೌರಿ ಊಟ ಮಾಡತಾಳೇನು?"

ಆಕೆ ಹೊಸ್ತಿಲಿನ ಮೇಲೆ ಬಿದ್ದ ಜೋಳದ ಕಾಳುಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕುತ್ತಿದ್ದಳು.

"ಎಷ್ಟು ತಗೊಂಡಿ?"

"ಡಾಕ್ಟ್ರು ಒಂದು ಹಿಡಿ ಅಂದಿದ್ರಲ್ರಿ. ನಾನೇನು ಎಮ್ಮಿಯಷ್ಟು ದೊಡ್ಡಾಕಿ ಅಲ್ಲ ಅಂತ ಅರ್ಧ ಹಿಡಿ ತಗೊಂಡೆ. ನಿನ್ನಿ ಸಂಜಿಗೆ ಒಮ್ಮೆ, ಇವತ್ತು ಮುಂಜಾನಿ ಒಮ್ಮೆ. ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗೈತ್ರಿ. ನೆತ್ತರ ಇನ್ನೂ ಜಾಸ್ತಿ ಆತು. ಅದಕ್ಕ, ಉಂಡ ಮ್ಯಾಲೆ ತಗೋಬೇಕಿತ್ತೇನೋ ಅಂತ..."

ನನಗೆ ಸಿಟ್ಟು ಬಂತು. ಆಗ ಮೈಯಲ್ಲಿ ಸಿಟ್ಟಿಗಾಗುವಷ್ಟು ಕಸುವಿತ್ತು. "ನಿನಗ ಬುದ್ಧಿ ಐತೇನು? ನನ್ನ ಮುಂದಾದ್ರೂ ಹೇಳಬಾರದಾಗಿತ್ತೇನು?" ಎಂದು ಕೂಗಾಡಿದೆ. ಆಕೆ ತಣ್ಣಗೆ ಅಂದಳು: "ಹೇಳೋಣ ಅಂತನ ಬರ್ತಿದ್ದೆ ಅಕ್ಕಾರ. ಎಮ್ಮಿ ಅಂದ್ರ ಬಾಯಿಗೆ ಬರತೈತಿ. ನಾನು ಅಂದ್ರ ಬರವಲ್ದು."

ಅವಳಿಗೆ ಎಷ್ಟೋ ತಿಂಗಳಿಂದ ಹಾಗಾಗುತ್ತಿತ್ತು. ಗರ್ಭಕೋಶ ಜಾರಿ ಹೊರಗೆ ಬರುತ್ತಿತ್ತು. ಅದನ್ನು ಬಟ್ಟೆ ಕಟ್ಟಿ ಒತ್ತಿಹಿಡಿದು, ಮೇವಿನ ಹೊರೆ ಹೊತ್ತು, ಹಾಲು ಕರೆದು ಮನೆ ಮನೆ ಸುತ್ತುತ್ತಿದ್ದಳು. ಆಮೇಲೆ ನೆತ್ತರೂ ಶುರುವಾಗಿತ್ತು. ಇದನ್ನೆಲ್ಲ ಆಕೆ ಹೇಳಿದ್ದು ಗೋಡೆಯ ಕಡೆ ಮುಖ ಮಾಡಿಕೊಂಡು.

ನಮ್ಮವರಿಗೆ ವಿಷಯ ತಿಳಿಸಿದಾಗ ತಲೆಯ ಮೇಲೆ ಕೈ ಹೊತ್ತು ಕೂತರು. "ಒಳಗಿರೋದನ್ನೆಲ್ಲ ಹೊರಗೆ ಹಾಕೋ ಪುಡಿ ಕಣೆ ಅದು. ನೆತ್ತರು ಹೋಗ್ತಿರೋಳಿಗೆ ಅದನ್ನ ಕೊಟ್ರೆ ಉಳೀತಾಳಾ?" ಅಂದರು. ಆ ಬಿಸಿಲಿನಲ್ಲೇ ಮಂಡಿಗೆ ಹೋಗಿ ಬಸಣ್ಣನನ್ನು ಕರೆತಂದರು. ಆತ ಮೈಯೆಲ್ಲ ಶೇಂಗಾ ದೂಳು ಮಾಡಿಕೊಂಡು ಅಂಗಳದಲ್ಲಿ ನಿಂತ. ಇವರು ನೆಲ ನೋಡುತ್ತಾ, ತೊದಲುತ್ತಾ, ಕೊನೆಗೆ ಹೇಗೋ ಹೇಳಿ ಮುಗಿಸಿದರು: "ಎಮ್ಮೆಗೆ ಏನೂ ಆಗಿಲ್ಲಪ್ಪ. ಕಾಯಿಲೆ ನಿನ್ನ ಹೆಂಡ್ತಿಗೆ. ಇವತ್ತೇ ದಾವಣಗೆರೆಗೆ ಕರ್ಕೊಂಡು ಹೋಗು. ಅಲ್ಲಿ ಹೆಣ್ಣು ಡಾಕ್ಟರಿದ್ದಾರೆ. ತಡ ಮಾಡಿದ್ರೆ ಜೀವಕ್ಕೇ ಬರುತ್ತೆ."

ಬಸಣ್ಣ ಟವೆಲ್ಲಿನಿಂದ ಮುಖದ ದೂಳು ಒರೆಸಿಕೊಂಡ. ಆಮೇಲೆ ಕೇಳಿದ: "ಎಮ್ಮಿ ಹಾಲು ಯಾರು ಕರೀತಾರ್ರಿ?"

ಅವನನ್ನು ಏನು ಅನ್ನಲಿ? ಒಳಗೆ ಚಾಪೆಯ ಮೇಲೆ ಮಲಗಿದ್ದ ಕೊಟ್ರಮ್ಮನೂ ಅದೇ ಹೊತ್ತಿಗೆ ನನ್ನನ್ನು ಅದನ್ನೇ ಕೇಳುತ್ತಿದ್ದಳು. "ನನ್ನ ಬಿಟ್ಟು ಯಾರಿಗೂ ಹಾಲು ಕೊಡಂಗಿಲ್ರಿ ಅದು. ಕೆಚ್ಚಲ ಬಾತು ಸಾಯತೈತಿ. ಶೇಂಗಾ ಸುಗ್ಗಿ ಮುಗೀಲಿ, ಆಮ್ಯಾಲೆ ಹೋಗ್ತೀನಿ. ನನಗೇನು ಅವಸರ?" ಬಾಯಿ ಸತ್ತಂತಾಗಿದ್ದರೂ ಈ ವಿಷಯದಲ್ಲಿ ಜಪ್ಪಯ್ಯ ಅನ್ನಲಿಲ್ಲ. ಗಂಡ ಹೇಳಿದ, ನಮ್ಮವರು ಬಾಗಿಲಾಚೆಯಿಂದ ಹೇಳಿದರು. ಕೇಳಲಿಲ್ಲ.

"ನಾನು ಕರೀತೀನಿ ಹೋಗು" ಅಂದೆ.

ಕೊಟ್ರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವಾ? ಡಾಕ್ಟ್ರ ಮನಿಯಾರು?" ಅಂಥ ಸ್ಥಿತಿಯಲ್ಲೂ ಆಕೆಯ ತುಟಿಯ ಕೊನೆಯಲ್ಲಿ ನಗು ಬಂತು.

"ನಾನು ಹಲವಾಗಲದಾಕಿ. ಗೊಟ್ಟದಾಗ ಔಷಧ ಕುಡದು ಬೆಳದಾಕಿ" ಅಂದೆ.

ಆಗ ಆಕೆ ಮಾಡಿದ್ದೇನು ಗೊತ್ತೆ? ಎದ್ದು ಕೂತು, ಬೇರೆ ಸೀರೆ ತರಿಸಿಕೊಂಡು, ಉಟ್ಟಿದ್ದ ಹಳೆಯ ಹಸಿರು ಸೀರೆಯನ್ನು ಬಿಚ್ಚಿ ನನಗೆ ಕೊಟ್ಟಳು. "ಒಗೀಬ್ಯಾಡ್ರಿ. ನನ್ನ ವಾಸನಿ ಹೋದ್ರ ಆಕಿ ಹತ್ರ ಸೇರಿಸಂಗಿಲ್ಲ. ಮತ್ತ ಬೈಬೇಕು. ಮೆತ್ತಗ ಬೈದ್ರ ನಡಿಯಂಗಿಲ್ಲ." ಬಸ್ಸಿನ ಹೊತ್ತಾಗುವವರೆಗೂ ನನಗೆ ಬೈಗುಳ ಹೇಳಿಕೊಟ್ಟಳು. ಸೊಲ್ಲಿಗೊಮ್ಮೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಸುದ್ದಿ ಮುಟ್ಟಿ ಉಜ್ಜಿನಿಯಿಂದ ಮಗಳು ಬಂದಳು. ಅಪ್ಪ ಮಗಳು ಇಬ್ಬರೂ ಆಕೆಯನ್ನು ಎರಡು ಕಡೆ ಹಿಡಿದು ಬಸ್ಸು ಹತ್ತಿಸಿದರು. ಕಿಟಕಿಯಿಂದ ಆಕೆ ನನಗೆ ಹೇಳಿದ ಕೊನೆಯ ಮಾತೂ ಎಮ್ಮೆಯದೇ: "ಹಿಂಡಿ ನೆನೆಹಾಕಿ ಕೊಡ್ರಿ."

ಅಂದಿನಿಂದ ನನ್ನ ಸಂಸಾರಕ್ಕೆ ಇನ್ನೊಂದು ಸಂಸಾರ ಸೇರಿತು. ಬೆಳಗ್ಗೆ ಬೇಗ ಎದ್ದು, ಸಗಣಿ ನಾರುವ ಹಸಿರು ಸೀರೆ ಸುತ್ತಿಕೊಂಡು, ಓಣಿ ದಾಟಿ ಕೊಟ್ರಮ್ಮನ ಕೊಟ್ಟಿಗೆಗೆ ಹೋಗುವುದು. ಮೊದಲ ದಿನ ಗೌರಿ ನನ್ನ ಸೀರೆ ಮೂಸಿತು, ಮುಖ ನೋಡಿತು, ಮತ್ತೆ ಸೀರೆ ಮೂಸಿತು. ನಾನು ಮೆಲ್ಲಗೆ, "ಹಾಳಾದಾಕಿ" ಅಂದೆ. ಕಾಲು ಝಾಡಿಸಿ ತಂಬಿಗೆಯನ್ನು ಗೋಡೆಗೆ ಹಾರಿಸಿತು. ಮರುದಿನ ಸ್ವಲ್ಪ ಗಟ್ಟಿಯಾಗಿ ಬೈದೆ. ನಾಲ್ಕಾರು ದಿನ ಕಳೆಯುವಷ್ಟರಲ್ಲಿ ನನ್ನ ಬಾಯಿಂದ ಎಂತೆಂಥ ಮಾತು ಸಲೀಸಾಗಿ ಬರತೊಡಗಿತೆಂದರೆ, ಸರೋಜಮ್ಮನವರು ಒಂದು ದಿನ ಅಲ್ಲಿಂದ ಹಾದುಹೋಗುವಾಗ ಗಾಬರಿಯಿಂದ ನಿಂತುಬಿಟ್ಟರು. ಗೌರಿ ಮಾತ್ರ ಕಣ್ಣು ಅರೆಮುಚ್ಚಿ ಹಾಲು ಇಳಿಸಿತು. ಹೇಳುತ್ತೇನೆ ಕೇಳಿ, ಬೈಗುಳ ನನಗೂ ಹಿತವಾಗಿತ್ತು. ಅತ್ತೆ, ಗಂಡ, ಮಕ್ಕಳು, ಬೆಲೆ ಏರಿದ ಸೀಮೆಎಣ್ಣೆ, ಎಲ್ಲವೂ ಆ ಎಮ್ಮೆಯ ಹೆಸರಿನಲ್ಲಿ ಹೋಗುತ್ತಿತ್ತು.

ಆದರೆ ಕುಕ್ಕರುಗಾಲಿನಲ್ಲಿ ಕೂತು ಕರೆದು ಏಳುವಾಗ ಕಣ್ಣು ಕತ್ತಲೆ ಬರುತ್ತಿತ್ತು. ಪುಣ್ಯಕ್ಕೆ ಕೂರುವ ಜಾಗದ ಪಕ್ಕದಲ್ಲೇ ಗೋಡೆಗೆ ಕೈಗೆಟುಕುವ ಎತ್ತರದಲ್ಲಿ ಒಂದು ಮರದ ಗೂಟ ಹೊಡೆದಿತ್ತು. ಹಗ್ಗ ತೂಗುಹಾಕಲು ಇರಬೇಕು. ನಾನು ಅದನ್ನು ಹಿಡಿದು, ಒಂದು ಕ್ಷಣ ಹಾಗೇ ಜೋತು, ಆಮೇಲೆ ಏಳುತ್ತಿದ್ದೆ. ಮನೆಗೆ ಬಂದು ಮೂರು ಮಕ್ಕಳ ತಲೆ ಬಾಚಿ, ರೊಟ್ಟಿ ಬಡಿದು, ಮಧ್ಯಾಹ್ನ ಹೊಸ್ತಿಲಿಗೆ ಬಂದ ಎಮ್ಮೆ ಬೆಕ್ಕುಗಳ ಕಥೆ ಕೇಳಿ, ಸಂಜೆ ಮತ್ತೆ ಹಸಿರು ಸೀರೆ. ನಮ್ಮವರು ಒಂದು ದಿನ ಅದನ್ನು ಉಟ್ಟ ನನ್ನನ್ನು ಹಿಂದಿನಿಂದ ನೋಡಿ, "ಯಾವಾಗ ಬಂದೆ ಕೊಟ್ರಮ್ಮ, ಹುಷಾರಾ?" ಎಂದು ಅಕ್ಕರೆಯಿಂದ ಕೇಳಿದರು. ತಿರುಗಿ ನೋಡಿದೆ. "ಓ, ನೀನಾ" ಎಂದು ಒಳಗೆ ಹೋದರು.

ದಾವಣಗೆರೆಯಿಂದ ಸುದ್ದಿ ಬರುವುದು ತಡವಾಯಿತು. ಓಣಿಯಲ್ಲಿ ಒಬ್ಬರು ಉಳಿಯುವುದಿಲ್ಲ ಎಂದರು, ಇನ್ನೊಬ್ಬರು ಹೋಗಿಯೇಬಿಟ್ಟಳು ಎಂದರು. ನನಗೆ ಊಟ ಸೇರಲಿಲ್ಲ. ಪುಡಿ ಕೊಟ್ಟದ್ದು ನನ್ನ ಕೈ ತಾನೆ? ಕೊಟ್ಟಿಗೆಗೆ ಹೋದಾಗ ಗೌರಿಗೆ ಬೈಯಲೂ ಬಾಯಿ ಏಳಲಿಲ್ಲ. ಅವತ್ತು ಅದೂ ಹಾಲು ಕೊಡಲಿಲ್ಲ. ಕೊನೆಗೆ ಬಸಣ್ಣ ಬಂದ. ನಮ್ಮ ಅಂಗಳದ ಕಟ್ಟೆಯ ಮೇಲೆ ಕುಸಿದು ಕೂತು, ಟವೆಲ್ಲು ಮುಖಕ್ಕೆ ಒತ್ತಿಕೊಂಡ.

"ಅದಾಳ್ರಿ" ಅಂದ. "ಆಪರೇಷನ್ ಆತು. ರಕ್ತ ಬೇಕಂದ್ರು, ನಂದ ಕೊಟ್ಟೆ. ಮೂಟಿ ಹೊತ್ತ ಮೈ, ಸೂಜಿ ಕಂಡ ಕೂಡ್ಲೆ ನೆಲಕ್ಕ ಬಿದ್ದೆ ನೋಡ್ರಿ. ಅವತ್ತು ನಾನು ಮೊದಲು ಎಮ್ಮಿ ಚಿಂತಿ ಮಾಡಿದ್ನಲ್ರಿ. ಆಕಿನ್ನ ಕೇಳಲಿಲ್ಲ ನಾನು." ಇಷ್ಟು ಹೇಳಿ ಅತ್ತ. ಅಷ್ಟು ದೊಡ್ಡ ಗಂಡಸು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ನಮ್ಮವರು ಹತ್ತಿರ ಹೋಗಿ ಅವನ ಬೆನ್ನು ನೀವುತ್ತಾ, "ಏನಪ್ಪ, ಹೋಗಲಿ ಬಿಡು" ಅಂದರು. ಎಮ್ಮೆ ಆಕಳುಗಳಿಗೆ ಅನ್ನುವ ಹಾಗೆಯೇ ಅಂದರು.

ಕೊಟ್ರಮ್ಮ ಮಗಳ ಮನೆಯಲ್ಲಿ ಸುಧಾರಿಸಿಕೊಂಡು ಕೊಟ್ಟೂರಿಗೆ ಬರುವಷ್ಟರಲ್ಲಿ ಬೇವು ಹೂಬಿಟ್ಟಿತ್ತು. ಮಗಳು ಬಾಣಂತಿಗೆ ಮಾಡುವ ಹಾಗೆ ಅಂಟಿನುಂಡೆ ಮಾಡಿ ತಿನ್ನಿಸಿದ್ದಳಂತೆ. ಮುಖದಲ್ಲಿ ನೆತ್ತರು ಬಂದಿತ್ತು. ನಾನು ಹಸಿರು ಸೀರೆ ಮಡಿಸಿ ಕೊಟ್ಟೆ. "ಇಟ್ಟಕೊಳ್ರಿ, ನಿಮಗ ಒಪ್ಪಿತ್ತಂತಲ್ಲ" ಎಂದು ನಕ್ಕಳು. ಮರುದಿನ ಬೆಳಿಗ್ಗೆ ಓಣಿಯ ತುದಿಯಿಂದ ಆ ಬೈಗುಳ ಕೇಳಿಬಂತು. ನಾನು ಹಾಸಿಗೆಯಲ್ಲೇ ಕಣ್ಣುಮುಚ್ಚಿಕೊಂಡು ಕೇಳಿದೆ. ಏಳಬೇಕಾಗಿರಲಿಲ್ಲ. ಅಷ್ಟು ಸುಖ ನನಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

ಸ್ವಲ್ಪ ಹೊತ್ತಿಗೆ ಆಕೆಯೇ ಹಾಲು ತಂದಳು. ಅಳೆದು ಹಾಕಿದಳು. ಹೋಗದೆ ಹೊಸ್ತಿಲ ಮೇಲೆ ಕೂತಳು.

"ನಮ್ಮ ಕೊಟ್ಟಿಗ್ಯಾಗಿನ ಗೂಟ ಅಳ್ಳಾಡಾಕತ್ತೈತ್ರಿ ಅಕ್ಕಾರ. ಇನ್ನೊಂದೆರಡು ದಿನಕ್ಕ ಕಿತ್ತು ಬರ್ತಿತ್ತು."

"ಹಗ್ಗ ಹಾಕೋ ಗೂಟ ಅಲ್ಲೇನು, ಹಳೇದಾಗಿರಬೇಕು" ಅಂದೆ.

"ಅದು ಹಗ್ಗಕ್ಕಲ್ರಿ. ನನಗ ಏಳಾಕ ಆಗ್ತಿರಲಿಲ್ಲ ಅಂತ ನಾನ ಹೊಡಕೊಂಡಿದ್ದೆ. ಅಷ್ಟು ತಿಂಗಳು ನಾನು ಜೋತುಬಿದ್ರೂ ಅದು ಅಳ್ಳಾಡಿರಲಿಲ್ಲ."

ನಾನು ಹಾಲಿನ ಪಾತ್ರೆಯನ್ನು ಒಲೆಯ ಮೇಲಿಡಲು ತಿರುಗಿದೆ. ಒಲೆ ಇನ್ನೂ ಹೊತ್ತಿಸಿರಲಿಲ್ಲ. ಆಚೆ ಬೇವಿನ ಮರದ ಕೆಳಗೆ ಯಾವುದೋ ಆಕಳಿಗೆ ನಮ್ಮವರು, "ಏನವ್ವ, ಎಲ್ಲಿ ನೋವು?" ಎಂದು ಕೇಳುತ್ತಿದ್ದರು. ಕೊಟ್ರಮ್ಮ ದನಿ ತಗ್ಗಿಸಿದಳು.

"ಅಕ್ಕಾರ, ನಿಮ್ಮ ಎಮ್ಮಿ ಹೆಂಗೈತ್ರಿ?"

ನಮ್ಮ ಮನೆಯಲ್ಲಿ ಎಮ್ಮೆ ಇರಲಿಲ್ಲ. ಯಾವತ್ತೂ ಇರಲಿಲ್ಲ. ನಾನು ಪಾತ್ರೆ ಕೆಳಗಿಟ್ಟು, ಬಾಗಿಲ ಚೌಕಟ್ಟು ಹಿಡಿದು, ನಿಧಾನಕ್ಕೆ ಆಕೆಯ ಪಕ್ಕ ಹೊಸ್ತಿಲಿಗೆ ಇಳಿದು ಕೂತೆ.

"ಅದಕ್ಕ ಬಾಳ ದಿನದಿಂದ ಹುಷಾರಿಲ್ಲ ಕೊಟ್ರಮ್ಮ" ಅಂದೆ.